ಹೊಗೆಸೊಪ್ಪಿನ ನಾಡಿನಲ್ಲಿ ಲೆಕ್ಕ ಕೇಳುವ ಹೊಣೆ

ಅಮಾನತ್ ಎಂಬ ಪದ ನಮ್ಮ ಜುಮಾ ಖುತ್ಬಾಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನೆರೆಯವರು ನಂಬಿ ಇಟ್ಟುಹೋದ ಒಡವೆ ಅಮಾನತ್, ಮಸೀದಿಯ ಹಣ ಅಮಾನತ್ ಎಂಬುದು ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಸರ್ಕಾರದ ಕೈಯಲ್ಲಿರುವ ಅಧಿಕಾರ, ಖಜಾನೆ, ಕಾಡು, ನೀರು ಕೂಡ ಜನರು ಒಪ್ಪಿಸಿದ ಅಮಾನತ್ತೇ. ಮಿಂಬರಿನ ಮೇಲಿದ್ದ ಖಲೀಫಾ ಉಮರ್(ರ)ರವರನ್ನು ಸಭೆಯಲ್ಲಿದ್ದವರು ಮೈಮೇಲಿನ ಬಟ್ಟೆಯ ಲೆಕ್ಕ ಕೇಳಿದ, ಅವರು ಕೋಪಿಸಿಕೊಳ್ಳದೆ ಮಗನಿಂದ ಉತ್ತರ ಹೇಳಿಸಿದ ಪ್ರಸಂಗವನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಅಂಥ ಪ್ರಶ್ನೆಯನ್ನು ಇಂದು ನಮ್ಮ ತಾಲ್ಲೂಕಿನಲ್ಲಿ ಕೇಳುವುದು ಹೇಗೆ? ನಮ್ಮೆಲ್ಲರ ಕಣ್ಣೆದುರಿಗಿರುವ ಒಂದು ಬೆಳೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳು ವರ್ಜೀನಿಯಾ ತಂಬಾಕಿನ ನಾಡು. ಮುಂಗಾರಿಗೆ ಮುಂಚಿನ ಮಳೆಗೆ ನಾಟಿ ಮಾಡಿ, ಮಳೆಗಾಲದಲ್ಲಿ ಎಲೆ ಮುರಿದು, ಕಡ್ಡಿಗೆ ಕಟ್ಟಿ ಬ್ಯಾರನ್‌ನಲ್ಲಿ ತೂಗುಹಾಕಿ, ದಿನಗಟ್ಟಲೆ ಹಗಲು ರಾತ್ರಿ ಬೆಂಕಿ ಉರಿಸಿ ಹದ ಮಾಡಬೇಕು. ಆ ಬೆಂಕಿಗೆ ಸೌದೆ ಬೇಕು. ಸೌದೆಗಾಗಿ ಹೊಲದ ಬದುವಿನ ಮರವೂ ಹೋಗುತ್ತದೆ, ದೂರದೂರಿನಿಂದ ಲಾರಿಯಲ್ಲಿ ಬರುವ ಮರವೂ ಉರಿಯುತ್ತದೆ. ಒದ್ದೆ ಎಲೆ ಮುರಿಯುವ ಕೂಲಿಯವರಿಗೆ ಚರ್ಮದ ಮೂಲಕ ನಿಕೋಟಿನ್ ಸೇರಿ ತಲೆಸುತ್ತು, ವಾಂತಿ ಬರುತ್ತದೆ. ಬೆಲೆ ಕುಸಿದ ವರ್ಷ ಸಾಲ ಮಾತ್ರ ಉಳಿಯುತ್ತದೆ.

ತಂಬಾಕು ಸೇವನೆಯ ಬಗ್ಗೆ ಉಲಮಾಗಳು ಹೇಳಿರುವುದು ಬೇರೆ ವಿಷಯ. ಇಲ್ಲಿ ನಾವು ಬೆಳೆಗಾರನನ್ನು ದೂರುತ್ತಿಲ್ಲ. ಖಚಿತ ಮಾರುಕಟ್ಟೆ ಇರುವ ಬೆಳೆಯನ್ನು, ಬದಲಿ ದಾರಿ ತೋರಿಸದೆ ಬಿಡು ಎಂದರೆ ಯಾವ ಕುಟುಂಬವೂ ಬಿಡಲಾಗದು. ಬದಲಿ ದಾರಿ ತೋರಿಸುತ್ತೇವೆ ಎಂದು ಮಾತು ಕೊಟ್ಟವರು ಯಾರು ಎಂಬುದೇ ನಮ್ಮ ಪ್ರಶ್ನೆ.

ಕೊಟ್ಟ ಮಾತುಗಳು

ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರ ಫೆಬ್ರವರಿಯಲ್ಲಿ ಅಂಗೀಕರಿಸಿತು. ತಂಬಾಕು ಬೆಳೆಗಾರರು ಮತ್ತು ಕಾರ್ಮಿಕರಿಗೆ ಜೀವನ ನಡೆಸಬಲ್ಲಂಥ ಪರ್ಯಾಯಗಳನ್ನು ಉತ್ತೇಜಿಸುವುದು ಅದರ 17ನೇ ವಿಧಿ. ತಂಬಾಕು ಬೆಳೆಯುವಲ್ಲಿ ಪರಿಸರವನ್ನೂ ಜನರ ಆರೋಗ್ಯವನ್ನೂ ಕಾಪಾಡುವುದು 18ನೇ ವಿಧಿ. 2015ರಲ್ಲಿ ವಿಶ್ವಸಂಸ್ಥೆಯ 193 ಸದಸ್ಯ ದೇಶಗಳು 2030ರೊಳಗೆ ತಲುಪಬೇಕೆಂದು 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡವು. ಆರೋಗ್ಯಕ್ಕೆ ಸಂಬಂಧಿಸಿದ 3ನೇ ಗುರಿಯಲ್ಲಿ ಇದೇ ತಂಬಾಕು ಒಪ್ಪಂದವನ್ನು ಬಲಪಡಿಸುವ ಮಾತಿದೆ. ಕೇಂದ್ರದ ಬೆಳೆ ವೈವಿಧ್ಯೀಕರಣ ಕಾರ್ಯಕ್ರಮವನ್ನು 2015-16ರಿಂದ ತಂಬಾಕು ಬೆಳೆಯುವ 10 ರಾಜ್ಯಗಳಿಗೆ ವಿಸ್ತರಿಸಲಾಯಿತು. ಕರ್ನಾಟಕ ಅವುಗಳಲ್ಲಿ ಒಂದು.

ಇವು ನಮ್ಮ ನಾಲ್ಕು ತಾಲ್ಲೂಕುಗಳಿಗೆ ನೇರವಾಗಿ ಸಂಬಂಧಪಟ್ಟ ಮಾತುಗಳು. ಆದರೆ ಉತ್ತರ ಹೇಳಬೇಕಾದವರು ಹಲವರು. ಪರವಾನಗಿ, ಬೆಳೆಯ ಪ್ರಮಾಣ, ಹರಾಜು ಇವೆಲ್ಲ ವಾಣಿಜ್ಯ ಸಚಿವಾಲಯದ ಅಡಿಯಲ್ಲಿರುವ ತಂಬಾಕು ಮಂಡಳಿಯದು. ತಂಬಾಕು ನಿಯಂತ್ರಣ ಆರೋಗ್ಯ ಸಚಿವಾಲಯದ್ದು. ಪರ್ಯಾಯ ಬೆಳೆ ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳದ್ದು. ಮರ ಅರಣ್ಯ ಇಲಾಖೆಯದು. ಒಂದು ಕಡೆ ಕೇಳಿದರೆ ಇನ್ನೊಂದು ಕಡೆ ಕೈ ತೋರಿಸುವುದು ಸುಲಭ. ಆದ್ದರಿಂದ ಯಾರನ್ನು ಏನು ಕೇಳಬೇಕೆಂದು ಮೊದಲೇ ವಿಂಗಡಿಸಿಕೊಳ್ಳಬೇಕು.

ಅಂಕಿ ಕೇಳಬೇಕು

ಪರ್ಯಾಯ ಬೆಳೆಗೆ ಏನು ಮಾಡಿದ್ದೀರಿ ಎಂದು ಕೇಳಿದರೆ ಭಾಷಣ ಸಿಗುತ್ತದೆ. ಇಂಥ ವರ್ಷ ನಮ್ಮ ತಾಲ್ಲೂಕಿಗೆ ಈ ಕಾರ್ಯಕ್ರಮದಡಿ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು, ಯಾವ ಗ್ರಾಮಗಳಲ್ಲಿ ಎಷ್ಟು ರೈತರಿಗೆ, ಯಾವ ಬೆಳೆಗೆ ಎಂದು ಕೇಳಿದರೆ ಅಂಕಿ ಕೊಡಲೇಬೇಕಾಗುತ್ತದೆ. ಬ್ಯಾರನ್ ಸೌದೆಗಾಗಿ ಎಷ್ಟು ಸಸಿ ಹಂಚಿದಿರಿ, ಅವುಗಳಲ್ಲಿ ಎಷ್ಟು ಬದುಕಿವೆ ಎಂಬುದೂ ಅಂಥದೇ ಪ್ರಶ್ನೆ.

ಇದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ರಾಜ್ಯದ ಇಲಾಖೆಗಳಿಗೆ ಬರೆಯುವಾಗ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ ಇರಬೇಕು. ತಪ್ಪಿ ಬೇರೆ ಕಚೇರಿಗೆ ಕೊಟ್ಟರೆ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸುವುದು ಅವರದೇ ಹೊಣೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಇಲಾಖೆಗಳ ವಿಷಯದಲ್ಲಿ ರಾಜ್ಯ ಆಯೋಗ, ತಂಬಾಕು ಮಂಡಳಿಯ ವಿಷಯದಲ್ಲಿ ಕೇಂದ್ರ ಆಯೋಗ. ಸ್ವೀಕೃತಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಬಂದ ಉತ್ತರ ಕಪಾಟಿನಲ್ಲಿ ಉಳಿದರೆ ಪ್ರಯೋಜನವಿಲ್ಲ. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಪಟ್ಟಿಯಲ್ಲಿರುವ ಹೆಸರಿನವರು, ನೆಟ್ಟರೆನ್ನುವ ಸಸಿ ಇರಬೇಕಾದ ಜಾಗ ಊರಿನಲ್ಲೇ ಇರುತ್ತವೆ; ಕಾಗದದ ಅಂಕಿ ಸರಿಯೋ ಸುಳ್ಳೋ ಎಂದು ಹೇಳಬಲ್ಲವರು ಆ ಊರಿನವರೇ. ಪಂಚಾಯಿತಿಯ ಲೆಕ್ಕಪತ್ರಗಳನ್ನು ಜನರೆದುರು ತೆರೆದಿಡುವ ಜಮಾಬಂದಿ ವರ್ಷಕ್ಕೊಮ್ಮೆ ನಡೆಯುತ್ತದೆ. ಅಂದು ಖಾಲಿ ಕುರ್ಚಿಗಳ ಎದುರು ಲೆಕ್ಕ ಓದಿ ಮುಗಿಸಿದರೆ ತಪ್ಪು ಓದಿದವರದು ಮಾತ್ರವಲ್ಲ, ಬಾರದ ನಮ್ಮದೂ ಹೌದು. ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಏಳಬೇಕು.

ಕೇಳಿದರೆ ಏನಾಗುತ್ತದೆ?

ಏನೂ ಆಗುವುದಿಲ್ಲ ಎನ್ನುವವರಿಗೆ ಇದೇ ಸೀಮೆಯ ಒಂದು ಉದಾಹರಣೆ ಸಾಕು. ನಾಗರಹೊಳೆ ಕಾಡಿನಿಂದ ಹೊರಬಂದ ಜೇನು ಕುರುಬ ಮೊದಲಾದ ಆದಿವಾಸಿಗಳು ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಅಂಚಿನಲ್ಲಿ ಚದುರಿಹೋಗಿದ್ದರು. ಎಷ್ಟು ಜನ ಎಂಬುದೇ ವಿವಾದವಾಗಿದ್ದಾಗ ಪರಿಹಾರ ಕೇಳುವುದಾದರೂ ಹೇಗೆ? ಅವರ ಪರ ನಿಂತವರು ಹೈಕೋರ್ಟ್ ಮೆಟ್ಟಿಲೇರಿದರು. ನ್ಯಾಯಾಲಯ ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಮುಝಫ್ಫರ್ ಅಸ್ಸಾದಿಯವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. 2014ರಲ್ಲಿ ಬಂದ ವರದಿ 3,418 ಕುಟುಂಬಗಳನ್ನು ಗುರುತಿಸಿ ಪುನರ್ವಸತಿಗೆ ಶಿಫಾರಸು ಮಾಡಿತು. 2025ರ ಜನವರಿಯಲ್ಲಿ ಅಸ್ಸಾದಿಯವರು ತೀರಿಕೊಂಡಾಗಲೂ ಶಿಫಾರಸುಗಳು ಪೂರ್ತಿ ಜಾರಿಯಾಗಿರಲಿಲ್ಲ. ಆದರೂ ಆ ಅಂಕಿ ಉಳಿದಿದೆ. ಯಾವ ಪ್ರತಿಭಟನೆಯಲ್ಲೂ ಯಾವ ಕಚೇರಿಯಲ್ಲೂ ಆದಿವಾಸಿಗಳು ಅದನ್ನು ಹಿಡಿದು ಮಾತನಾಡಬಲ್ಲರು. ಅಷ್ಟು ಜನ ಎಲ್ಲಿದ್ದಾರೆ ಎಂದು ತಳ್ಳಿಹಾಕಲು ಇನ್ನು ಸುಲಭವಿಲ್ಲ.

ನಮ್ಮ ಜಮಾಅತ್‌ಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಅಸರ್ ನಮಾಝಿನ ನಂತರ ವಾರಕ್ಕೊಂದು ಗಂಟೆ, ಓದಿದ ಇಬ್ಬರು ಮೂವರು ಯುವಕ ಯುವತಿಯರು ಅರ್ಜಿ ಬರೆದುಕೊಡಲು ಕುಳಿತರೆ ಸಾಕು. ಅಲ್ಲಿಗೆ ಬರುವವರು ನಮ್ಮವರೇ ಆಗಿರಬೇಕೆಂದಿಲ್ಲ. ಬೆಳೆಗಾರರು, ಕೂಲಿಯವರು, ಹಾಡಿಯವರು ಎಲ್ಲರೂ ಬರಲಿ. ಬ್ಯಾರನ್ ಸೌದೆಗೆ ಹೋಗುವ ಮರದ ನೆರಳು ಎಲ್ಲರದ್ದಾಗಿತ್ತು. ಮುಂದಿನ ಗ್ರಾಮಸಭೆಯ ದಿನಾಂಕವನ್ನು ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊಂಡು, ಜುಮಾ ನಂತರ ಮಸೀದಿಯಲ್ಲಿ ಘೋಷಿಸುವುದರಿಂದ ಈ ಕೆಲಸ ಶುರುಮಾಡಬಹುದು.