ರಾತ್ರಿ ನಿದ್ದೆ ಇಲ್ಲ, ಕಾಲಿಗೆ ಉರಿ, ಕೈಗೆ ಜೋಮು: 'ನರದ ಮಾತ್ರೆ' ನುಂಗುವ ಮೊದಲು ಇದನ್ನೊಮ್ಮೆ ಓದಿ

ಸ್ಟುಟ್‌ಗಾರ್ಟ್ (ಜರ್ಮನಿ): ಕಳೆದ ಚಳಿಗಾಲದ ಒಂದು ರಾತ್ರಿ. ಕಾಲು ಮಂಜುಗಡ್ಡೆ ಆದ ಹಾಗೆ ಅನಿಸುತ್ತಿತ್ತು. ಜರ್ಮನಿಯ ಎಷ್ಟೋ ಮನೆಗಳಲ್ಲಿ ಇರುವಂತಹ ರಬ್ಬರಿನ ಬಿಸಿನೀರಿನ ಚೀಲವನ್ನು ಪಾದದ ಕೆಳಗಿಟ್ಟು ಮಲಗಿದೆ. ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದ ಹೆಂಡತಿ ಹೊದಿಕೆ ಸರಿಸಿ ನೋಡಿದವಳೇ, "ಎಂತ ಮಾರಾಯ್ರೆ ಇದು! ಇಷ್ಟು ಸುಟ್ಟು ಬೊಬ್ಬೆ ಬಂದಿದೆ, ನಿಮಗೆ ಗೊತ್ತೇ ಆಗ್ಲಿಲ್ವಾ?" ಎಂದು ಕೇಳಿದಳು. ನಿಜಕ್ಕೂ ನನಗೆ ಗೊತ್ತಾಗಿರಲಿಲ್ಲ. ಹೆಂಡತಿ ನರ್ಸ್. ಅವಳಿಂದಲೇ ಎರಡು ವರ್ಷ ಈ ಕಾಲಿನ ವಿಷಯವನ್ನು ಮುಚ್ಚಿಟ್ಟಿದ್ದೆ.

ಶಾರ್ಜಾದಲ್ಲಿ ಹನ್ನೊಂದು ವರ್ಷ ಇದ್ದು, ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕಿದ ಮೇಲೆ ಸ್ಟುಟ್‌ಗಾರ್ಟ್‌ಗೆ ಬಂದವನು ನಾನು. ಪಾರ್ಸೆಲ್ ಗೋದಾಮಿನಲ್ಲಿ ರಾತ್ರಿ ಪಾಳಿ. ಪಾದದಲ್ಲಿ ಇರುವೆ ಹರಿದ ಹಾಗೆ ಆಗುವುದು ಶಾರ್ಜಾದಲ್ಲೇ ಶುರುವಾಗಿತ್ತು. ಅಲ್ಲಿನ ಒಂದು ಕ್ಲಿನಿಕ್‌ನಲ್ಲಿ ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಊರಿಗೆ ಹೋದಾಗಲೆಲ್ಲ ಮೆಡಿಕಲ್ ಶಾಪಿನಿಂದ 'ನರದ ಮಾತ್ರೆ' ಕಟ್ಟಿಕೊಂಡು ಬರುತ್ತಿದ್ದೆ. ಗಲ್ಫ್‌ನಲ್ಲಿರುವ ನಮ್ಮವರಲ್ಲಿ ಎಷ್ಟೋ ಮಂದಿ ಇದನ್ನೇ ಮಾಡುತ್ತಾರೆ ಅಂತ ಗೊತ್ತಿರುವುದರಿಂದ, ನಾನು ತಡವಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ ಬಳಿ ಹೋದಾಗ ಏನು ಕೇಳಬೇಕು ಎಂದು ತಿಳಿಯಲು ಇದು ಸಹಾಯವಾದರೆ ಸಾಕು.

ರಾತ್ರಿಯೇ ಯಾಕೆ ಹೆಚ್ಚಾಗುತ್ತದೆ?

ಹಗಲಲ್ಲಿ ಕೆಲಸ, ಮಾತು, ಓಡಾಟದ ನಡುವೆ ಮೆದುಳಿಗೆ ನೋವಿನ ಕಡೆ ಗಮನ ಕೊಡಲು ಪುರಸೊತ್ತಿಲ್ಲ. ದೀಪ ಆರಿಸಿ ಮಲಗಿದ ಮೇಲೆ ಉಳಿಯುವುದು ಅದೊಂದೇ. ನೋವಿನಿಂದ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ನೋವು ತಡೆಯುವ ಶಕ್ತಿಯೇ ಕಡಿಮೆಯಾಗುತ್ತದೆ. ಮೊನ್ನೆ ಸಹಿಸಿಕೊಂಡ ಉರಿಯೇ ಇವತ್ತು ಸಹಿಸಲಾಗದ ಉರಿಯಾಗುತ್ತದೆ. ಹೀಗೆ ಒಂದು ಇನ್ನೊಂದನ್ನು ದೂಡುತ್ತಾ ಹೋಗುತ್ತದೆ. ಆದ್ದರಿಂದ ನೋವಿಗೆ ಮಾತ್ರ ಮದ್ದು ಮಾಡಿದರೆ ಸಾಲದು, ನಿದ್ದೆಗೆ ಮಾತ್ರ ಮಾಡಿದರೂ ಸಾಲದು.

ಕಾರಣ ಒಂದೇ ಅಲ್ಲ

'ನರ ದೌರ್ಬಲ್ಯ' ಎಂಬ ಒಂದೇ ಹೆಸರಿನಡಿ ನಾವು ಹತ್ತು ಬೇರೆ ಬೇರೆ ತೊಂದರೆಗಳನ್ನು ಸೇರಿಸಿಬಿಡುತ್ತೇವೆ. ಎಲ್ಲಿ, ಯಾವಾಗ ಜೋಮು ಹಿಡಿಯುತ್ತದೆ ಎನ್ನುವುದೇ ದೊಡ್ಡ ಸುಳಿವು.

ಶುಗರ್: ಎರಡೂ ಪಾದಗಳ ಬೆರಳಿನಿಂದ ಶುರುವಾಗಿ, ಕಾಲುಚೀಲ ಹಾಕಿದ ಹಾಗೆ ನಿಧಾನವಾಗಿ ಮೇಲಕ್ಕೆ ಏರುವ ಉರಿ ಮತ್ತು ಜೋಮು ಇದರ ಗುರುತು. ಐಸಿಎಂಆರ್‌ನವರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಶುಗರ್ ಇದೆ. ವರ್ಷ ಕಳೆದಂತೆ ಶುಗರ್ ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ನರಕ್ಕೂ ಹಾನಿ ಆಗುತ್ತದೆ. ಗಡಿಯಲ್ಲಿ ಇರುವವರಿಗೂ, ಅಂದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.7ರಿಂದ 6.4 ಇದ್ದವರಿಗೂ, ಇದು ಬರಬಹುದು. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶುಗರ್ ಎಂದೇ ಲೆಕ್ಕ.

ಬಿ12 ಕೊರತೆ: ಈ ವಿಟಮಿನ್ ಸಿಗುವುದು ಮೀನು, ಮಾಂಸ, ಮೊಟ್ಟೆ, ಹಾಲು, ಮೊಸರಿನಲ್ಲಿ. ಶುದ್ಧ ಸಸ್ಯಾಹಾರಿಗಳಿಗೆ ಕೊರತೆ ಆಗುವುದು ಸಾಮಾನ್ಯ. ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ: ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗುತ್ತದೆ. ನನ್ನ ಕತೆ ಅದೇ. ಏಳು ವರ್ಷ ಮೆಟ್‌ಫಾರ್ಮಿನ್ ನುಂಗಿದ್ದೆ, ಒಮ್ಮೆಯೂ ಬಿ12 ನೋಡಿಸಿರಲಿಲ್ಲ. ಹಾಗಂತ ಶುಗರ್ ಮಾತ್ರೆ ನೀವೇ ನಿಲ್ಲಿಸಬೇಡಿ, ಬಿ12 ಪರೀಕ್ಷೆ ಮಾಡಿಸಿ. ಕೊರತೆ ಬೇಗ ಸಿಕ್ಕಿದರೆ ನರ ಚೇತರಿಸಿಕೊಳ್ಳುತ್ತದೆ. ತಡವಾದರೆ ಹೋದದ್ದು ಪೂರ್ತಿ ಬರುವುದಿಲ್ಲ.

ಮಣಿಕಟ್ಟಿನಲ್ಲಿ ನರ ಒತ್ತುವುದು: ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿದು, ನಡುರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಸ್ವಲ್ಪ ಕಡಿಮೆಯಾಗುತ್ತದೆಯೇ? ಹಾಗಾದರೆ ಅದು ಕಾರ್ಪಲ್ ಟನಲ್ ಆಗಿರುವ ಸಾಧ್ಯತೆ ಹೆಚ್ಚು. ಡ್ರಿಲ್, ಗ್ರೈಂಡರ್, ಬ್ರೇಕರ್ ಹಿಡಿಯುವವರು, ಪ್ಯಾಕಿಂಗ್ ಮಾಡುವವರು, ಅಡುಗೆ ಕೆಲಸದವರಲ್ಲಿ ಜಾಸ್ತಿ. ರಾತ್ರಿ ಮಣಿಕಟ್ಟು ಮಡಚದಂತೆ ಪಟ್ಟಿ ಕಟ್ಟಿ ಮಲಗಿದರೆ ಶುರುವಿನ ಹಂತದಲ್ಲಿ ಎಷ್ಟೋ ಜನರಿಗೆ ಗುಣ ಕಾಣುತ್ತದೆ. ಜರ್ಮನಿಯಲ್ಲಿ 2015ರಿಂದ ಇದು ವೃತ್ತಿಯಿಂದ ಬರುವ ರೋಗಗಳ ಅಧಿಕೃತ ಪಟ್ಟಿಯಲ್ಲಿದೆ. ಇಲ್ಲಿ ಅಂತಹ ಕೆಲಸದಲ್ಲಿರುವವರು ಡಾಕ್ಟರಿಗೆ ತಮ್ಮ ಕೆಲಸ ಏನು ಎಂಬುದನ್ನು ಬಿಡಿಸಿ ಹೇಳಬೇಕು.

ಸೊಂಟ, ಕುತ್ತಿಗೆ: ಒಂದೇ ಕಾಲಿನಲ್ಲಿ ಸೊಂಟದಿಂದ ಕೆಳಕ್ಕೆ ಅಥವಾ ಒಂದೇ ಕೈಯಲ್ಲಿ ಕುತ್ತಿಗೆಯಿಂದ ಕೆಳಕ್ಕೆ ಸೆಳೆತ ಇದ್ದರೆ ಬೆನ್ನುಹುರಿಯಿಂದ ಹೊರಡುವ ನರ ಒತ್ತುತ್ತಿರಬಹುದು.

ಇವಲ್ಲದೆ ಥೈರಾಯ್ಡ್, ಮದ್ಯಪಾನ, ಕೆಲವು ಔಷಧಿಗಳೂ ಕಾರಣ. ಮೈಮೇಲೆ ಬಿಳಿಚಿದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ನಾಚಿಕೆಪಡದೆ ತೋರಿಸಿ. ಕುಷ್ಠ ಪೂರ್ತಿ ಗುಣವಾಗುವ ರೋಗ, ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತ. ಇನ್ನು ಮಲಗಿದ ಕೂಡಲೇ ಕಾಲು ಆಡಿಸಲೇಬೇಕು ಅನಿಸಿ, ಎದ್ದು ನಡೆದರೆ ಸರಿಯಾಗುವುದಾದರೆ ಅದು ಬೇರೆಯೇ ತೊಂದರೆ. ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಹೆಚ್ಚು. ಫೆರಿಟಿನ್ ಪರೀಕ್ಷೆ ಕೇಳಿ.

'ನರದ ಮಾತ್ರೆ'ಯ ಇನ್ನೊಂದು ಮುಖ

ಬಿ12 ಕೊರತೆ ಇದ್ದವರಿಗೆ ಬಿ12 ಅಮೃತ. ಆದರೆ ಅಂಗಡಿಯಲ್ಲಿ ಸಿಗುವ ಎಷ್ಟೋ ಮಾತ್ರೆಗಳಲ್ಲಿ ಬಿ6 ಕೂಡ ಇರುತ್ತದೆ. ಬಿ6 ಅತಿಯಾದರೆ ಅದೇ ನರಕ್ಕೆ ಹಾನಿ ಮಾಡಿ ಜೋಮು ತರುತ್ತದೆ! ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನಕ್ಕೆ 12 ಮಿಲಿಗ್ರಾಂ ಮೇಲ್ಮಿತಿ ಎಂದು ಹೇಳಿದೆ. ನಿಮ್ಮ ಡಬ್ಬಿಯ ಹಿಂದೆ ಎಷ್ಟಿದೆ ಅಂತ ಇವತ್ತೇ ಓದಿ. ಎರಡು ಮೂರು ಬ್ರ್ಯಾಂಡ್ ಒಟ್ಟಿಗೆ ತೆಗೆದುಕೊಳ್ಳುವವರು ಕೂಡಿಸಿ ನೋಡಿ.

ಮಾಮೂಲಿ ನೋವಿನ ಮಾತ್ರೆಗಳು ನರದ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ಡೈಕ್ಲೋಫೆನಾಕ್‌ನಂತಹವನ್ನು ದಿನಾ ನುಂಗಿದರೆ ಕಿಡ್ನಿಗೆ ಪೆಟ್ಟು, ಶುಗರ್ ಇದ್ದವರಿಗೆ ಇನ್ನೂ ಹೆಚ್ಚು. ನರದ ನೋವಿಗೆಂದೇ ಡಾಕ್ಟರು ಕೊಡುವುದು ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ನಂತಹ ಔಷಧಿಗಳನ್ನು. ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ನಿಧಾನಕ್ಕೆ ಏರಿಸುತ್ತಾರೆ. ಗುಣ ಕಾಣಲು ವಾರಗಳೇ ಬೇಕು. ತಲೆಸುತ್ತು, ಮಂಪರು ಬರಬಹುದು, ಆದ್ದರಿಂದ ಡ್ರೈವರ್‌ಗಳು, ಫೋರ್ಕ್‌ಲಿಫ್ಟ್ ನಡೆಸುವವರು, ಎತ್ತರದಲ್ಲಿ ಕೆಲಸ ಮಾಡುವವರು ಮೊದಲೇ ಹೇಳಬೇಕು. ಜೊತೆಗೆ ಮದ್ಯ ಬೇಡವೇ ಬೇಡ. ಒಮ್ಮೆಲೇ ನಿಲ್ಲಿಸುವುದೂ ಬೇಡ.

ಗಲ್ಫ್ ಓದುಗರಿಗೆ ಮುಖ್ಯ ಎಚ್ಚರಿಕೆ: ಪ್ರಿಗ್ಯಾಬಲಿನ್, ಟ್ರಮಡಾಲ್ ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಊರಿನಲ್ಲಿ ಡಾಕ್ಟರ್ ಬರೆದು ಕೊಟ್ಟರೂ ಮೊದಲೇ ಆನ್‌ಲೈನ್‌ನಲ್ಲಿ ಅಲ್ಲಿನ ಸರ್ಕಾರದ ಅನುಮತಿ ಪಡೆಯದೆ ಬ್ಯಾಗಿನಲ್ಲಿ ಹಾಕಿಕೊಂಡು ಬರಬೇಡಿ. ಗೆಳೆಯನಿಗೆ ಅಂತ ಯಾರಾದರೂ ಕೊಟ್ಟ ಮಾತ್ರೆಯ ಪೊಟ್ಟಣವನ್ನಂತೂ ಮುಟ್ಟಬೇಡಿ. ಬೇರೆ ಗಲ್ಫ್ ದೇಶಗಳಲ್ಲಿ ಇರುವವರೂ ಹೊರಡುವ ಮೊದಲು ಅಲ್ಲಿನ ನಿಯಮ ವಿಚಾರಿಸಿ.

ಡಾಕ್ಟರ ಬಳಿ ಏನು ಕೇಳಬೇಕು?

ಎಚ್‌ಬಿಎ1ಸಿ, ಬಿ12, ಥೈರಾಯ್ಡ್, ಕಿಡ್ನಿ, ಫೆರಿಟಿನ್: ಇವಿಷ್ಟು ರಕ್ತಪರೀಕ್ಷೆ. ಪಾದಕ್ಕೆ ಪ್ಲಾಸ್ಟಿಕ್ ಎಳೆ ಮುಟ್ಟಿಸಿ, ಟ್ಯೂನಿಂಗ್ ಫೋರ್ಕ್ ಇಟ್ಟು ನೋಡುವುದಕ್ಕೆ ಐದು ನಿಮಿಷ ಸಾಕು. ಬೇಕಾದರೆ ನರದಲ್ಲಿ ಕರೆಂಟ್ ಎಷ್ಟು ವೇಗವಾಗಿ ಹೋಗುತ್ತದೆ ಎಂದು ಅಳೆಯುತ್ತಾರೆ. ಅದು ನಾರ್ಮಲ್ ಬಂದರೂ 'ಏನೂ ಇಲ್ಲ' ಅಂತಲ್ಲ. ಸಣ್ಣ ನರಗಳ ಹಾನಿ ಆ ಪರೀಕ್ಷೆಯಲ್ಲಿ ಕಾಣುವುದಿಲ್ಲ.

ಯುಎಇಯಲ್ಲಿ 2025ರ ಜನವರಿ 1ರಿಂದ ಎಲ್ಲ ಎಮಿರೇಟುಗಳಲ್ಲೂ ಖಾಸಗಿ ನೌಕರರಿಗೆ ಕಂಪನಿಯೇ ಆರೋಗ್ಯ ವಿಮೆ ಮಾಡಿಸಬೇಕು. ನಿಮ್ಮ ಕಾರ್ಡಿನಲ್ಲಿ ಯಾವ ಪರೀಕ್ಷೆ ಬರುತ್ತದೆ ಎಂದು ಕೇಳಿ, ಬಳಸಿ. ಅದು ನಿಮ್ಮ ಹಕ್ಕು.

ಜರ್ಮನಿಯಲ್ಲಿ ಮೊದಲು ಹೋಗಬೇಕಾದದ್ದು ಮನೆ ಡಾಕ್ಟರ ಬಳಿ, ಇಲ್ಲಿನವರು ಹೇಳುವ ಹೌಸ್‌ಆರ್ಟ್ಸ್ಟ್. ನರರೋಗ ತಜ್ಞರ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆದರೆ ಮನೆ ಡಾಕ್ಟರು ತುರ್ತು ಎಂದು ಕೋಡ್ ಹಾಕಿದ ಚೀಟಿ ಕೊಟ್ಟರೆ 116117 ನಂಬರಿಗೆ ಕರೆಮಾಡಬಹುದು, ಸಾಮಾನ್ಯವಾಗಿ ನಾಲ್ಕು ವಾರದ ಒಳಗೆ ಸಮಯ ಹುಡುಕಿಕೊಡುತ್ತಾರೆ. ಹೊಸದಾಗಿ ಬಂದ ನಮ್ಮವರಿಗೆ ಈ ದಾರಿ ಗೊತ್ತಿರುವುದು ಕಡಿಮೆ.

ಕೆಲಸ ಹೋಗುತ್ತದೆ ಎಂಬ ಭಯ

ನಾನು ಮುಚ್ಚಿಟ್ಟದ್ದು ಇದೇ ಭಯಕ್ಕೆ. ಆಮೇಲೆ ತಿಳಿಯಿತು: ಇಲ್ಲಿನ ರಜೆ ಚೀಟಿಯಲ್ಲಿ ಕಂಪನಿಗೆ ರೋಗದ ಹೆಸರು ಹೋಗುವುದೇ ಇಲ್ಲ. ಕೆಲಸಕ್ಕೆ ಸೇರಿ ನಾಲ್ಕು ವಾರ ಆದವರಿಗೆ ಕಾಯಿಲೆ ಬಿದ್ದರೆ ಆರು ವಾರದವರೆಗೆ ಕಂಪನಿ ಪೂರ್ತಿ ಸಂಬಳ ಕೊಡಬೇಕು, ಅದರ ನಂತರ ಸಾರ್ವಜನಿಕ ವಿಮೆಯಿಂದ ಒಟ್ಟು ಸಂಬಳದ ಶೇ. 70ರಷ್ಟು ಸಿಗುತ್ತದೆ, ಕೈಗೆ ಬರುವ ಸಂಬಳದ ಶೇ. 90 ದಾಟದಂತೆ. ರಾತ್ರಿ ಪಾಳಿಯವರಿಗೆ ಕೆಲಸಕ್ಕೆ ಮೊದಲು, ನಂತರ ಮೂರು ವರ್ಷಕ್ಕೊಮ್ಮೆ, 50 ದಾಟಿದವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಕೇಳುವ ಹಕ್ಕಿದೆ. ರಾತ್ರಿ ಕೆಲಸ ಆರೋಗ್ಯಕ್ಕೆ ಅಪಾಯ ಎಂದು ಆ ತಪಾಸಣೆಯಲ್ಲಿ ಕಂಡರೆ, ಕಂಪನಿಗೆ ತೀರಾ ಅಡಚಣೆ ಇಲ್ಲದಿದ್ದಲ್ಲಿ ಹಗಲು ಕೆಲಸಕ್ಕೆ ಬದಲಾಯಿಸಬೇಕು.

ನಾನು ಹಗಲು ಪಾಳಿಗೆ ಬಂದೆ. ರಾತ್ರಿ ಭತ್ಯೆ ಹೋಯಿತು, ಊರಿಗೆ ಕಳಿಸುವ ಹಣವೂ ಕಡಿಮೆಯಾಯಿತು. ಅಮ್ಮನಿಗೆ ಫೋನಿನಲ್ಲಿ ಹೇಳಲು ಒಂದು ವಾರ ಹಿಡಿಯಿತು. ಅವರು ಹೇಳಿದ್ದಿಷ್ಟೇ: "ಹಣ ಎಂತ ಮಾಡ್ಲಿಕ್ಕೆ? ಮೊದ್ಲು ನಿನ್ನ ಕಾಲು ನೋಡಿಕೋ."

ನಿದ್ದೆಗೆ ನಾವೇ ಮಾಡಬಹುದಾದದ್ದು

ಏಳುವ ಹೊತ್ತು ದಿನಾ ಒಂದೇ ಇರಲಿ, ರಜೆಯ ದಿನವೂ. ಸುಮಾರು 20 ನಿಮಿಷ ಹೊರಳಾಡಿದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂತುಕೊಳ್ಳಿ, ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ ಬನ್ನಿ. ಹಾಸಿಗೆಯಲ್ಲಿ ಫೋನ್ ಬೇಡ. ಊರಿನ ವಿಡಿಯೋ ಕಾಲ್ ಮಲಗುವ ಒಂದು ಗಂಟೆ ಮೊದಲೇ ಮುಗಿಯಲಿ. ಮಲಗುವ ಆರೇಳು ಗಂಟೆ ಮುಂಚೆಯೇ ಕೊನೆಯ ಚಹಾ. ಕರಕ್ ಚಹಾವೂ ಚಹಾವೇ!

ಹಗಲು ಮಲಗುವವರಿಗೆ ಕತ್ತಲೆ ಮುಖ್ಯ. ಇಲ್ಲಿ ಹೆಚ್ಚಿನ ಮನೆಗಳ ಕಿಟಕಿಗೆ ಹೊರಗಿನಿಂದ ಇಳಿಸುವ ರೋಲಾಡನ್ ಪರದೆ ಇದೆ, ಪೂರ್ತಿ ಇಳಿಸಿ. ಗಲ್ಫ್‌ನ ರೂಮಿನಲ್ಲಿ ಬೇರೆ ಬೇರೆ ಪಾಳಿಯವರು ಒಟ್ಟಿಗೆ ಇದ್ದರೆ ಕಣ್ಣಿನ ಪಟ್ಟಿ, ಕಿವಿಯ ಪ್ಲಗ್ ಇರಲಿ, ಸಾಧ್ಯವಾದರೆ ಒಂದೇ ಪಾಳಿಯವರು ಒಂದೇ ರೂಮಿಗೆ ಬರುವಂತೆ ಕ್ಯಾಂಪ್ ಬಾಸ್‌ನ ಹತ್ತಿರ ಕೇಳಿ. ಎಸಿ ಗಾಳಿ ನೇರ ಕಾಲಿಗೆ ಬೀಳದಿರಲಿ. ಹೊದಿಕೆ ತಾಗಿದರೂ ಉರಿಯುವವರು ಹಗುರವಾದ ಹತ್ತಿಯ ಬಟ್ಟೆ ಹೊದೆಯಿರಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತದೆ ಎಂದು ರೂಮಿನವರು ಹೇಳಿದರೆ ನಗಬೇಡಿ, ಡಾಕ್ಟರಿಗೆ ಹೇಳಿ. ನಿದ್ದೆ ಮಾತ್ರೆ ಅಭ್ಯಾಸ ಆದರೆ ಬಿಡುವುದು ಕಷ್ಟ. ಜರ್ಮನಿಯಲ್ಲಿ ಸಾರ್ವಜನಿಕ ವಿಮೆಯವರು ಯೋಗದ ಮಾನ್ಯ ತರಗತಿಗಳಿಗೆ ಶುಲ್ಕದ ಒಂದು ಭಾಗ ವಾಪಸ್ ಕೊಡುತ್ತಾರೆ ಎಂಬುದೂ ನೆನಪಿರಲಿ.

ಪಾದದ ಕಾವಲು

ಜೋಮು ಹಿಡಿದ ಪಾದಕ್ಕೆ ಬಿಸಿನೀರಿನ ಚೀಲ, ಹೀಟರ್, ಬಿಸಿ ಎಣ್ಣೆ ಬೇಡ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ದಿನಾ ಮಲಗುವ ಮೊದಲು ಪಾದದ ಅಡಿ, ಬೆರಳ ಸಂದು ನೋಡಿ. ಕಾಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ನೋಡಿ. ಸೇಫ್ಟಿ ಶೂ ಹಾಕುವ ಮೊದಲು ಒಳಗೆ ಕೈ ಹಾಕಿ ತಡಕಿ. ಊರಿಗೆ ಹೋದಾಗ ಮಧ್ಯಾಹ್ನದ ಬಿಸಿಲಿಗೆ ಕಾದ ಅಂಗಳದಲ್ಲಿ, ಕಡಲ ದಂಡೆಯಲ್ಲಿ ಬರಿಗಾಲಲ್ಲಿ ನಡೆಯಬೇಡಿ.

ಕಾಯಬಾರದ ಸಂದರ್ಭ

ಮುಖ ಓರೆಯಾಗುವುದು, ಮಾತು ತೊದಲುವುದು, ಒಂದೇ ಬದಿ ಕೈಕಾಲು ಸೋಲುವುದು. ತೊಡೆಯ ಸಂದಿನಲ್ಲಿ ಸ್ಪರ್ಶ ಹೋಗಿ ಮೂತ್ರ ನಿಲ್ಲುವುದು ಅಥವಾ ಹಿಡಿತ ತಪ್ಪುವುದು. ಕಾಲಿನ ಬಲಹೀನತೆ ಗಂಟೆ, ದಿನಗಳಲ್ಲಿ ಮೇಲೇರುವುದು: ಇದ್ಯಾವುದಾದರೂ ಆದರೆ ಬೆಳಗಾಗುವುದನ್ನು ಕಾಯಬೇಡಿ. ಜರ್ಮನಿಯಲ್ಲಿ 112, ಯುಎಇಯಲ್ಲಿ 998. ಶುಗರ್ ಇದ್ದವರ ಪಾದದ ಗಾಯ ಕೆಂಪಾಗಿ ಊದಿಕೊಂಡರೆ ಅದೇ ದಿನ ತೋರಿಸಿ.

ಊರಿನಲ್ಲಿರುವ ಮನೆಯವರಿಗೂ ಒಂದು ಮಾತು. ಫೋನಿನಲ್ಲಿ "ಆರಾಮಾ?" ಎಂದು ಕೇಳಿದರೆ ನಾವು "ಆರಾಮು" ಅಂತಲೇ ಹೇಳುತ್ತೇವೆ. "ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು? ಕಾಲು ಹೇಗಿದೆ?" ಎಂದು ಕೇಳಿ ನೋಡಿ.

ನನ್ನ ಈಗಿನ ಸ್ಥಿತಿ: ಬಿ12 ಸರಿಯಾಗಿದೆ, ಶುಗರ್ ಹತೋಟಿಗೆ ಬರುತ್ತಿದೆ, ಉರಿ ಅರ್ಧಕ್ಕೆ ಇಳಿದಿದೆ. ಐದಾರು ಗಂಟೆ ನಿದ್ದೆ ಬರುತ್ತದೆ. ಎಡಗಾಲಿನ ಎರಡು ಬೆರಳಿಗೆ ಇನ್ನೂ ಸ್ಪರ್ಶ ಇಲ್ಲ, ಬರುವುದೂ ಸಂಶಯ ಅಂತ ಡಾಕ್ಟರ್ ಹೇಳಿದ್ದಾರೆ. ಎರಡು ವರ್ಷ ಮೊದಲೇ ಒಂದು ರಕ್ತಪರೀಕ್ಷೆ ಮಾಡಿಸಿದ್ದರೆ ಆ ಬೆರಳುಗಳೂ ಉಳಿಯುತ್ತಿದ್ದವೋ ಏನೋ. ನೀವು ಅಷ್ಟು ಕಾಯಬೇಡಿ.