ಶಾಸನಪಾಠದ ಅಕ್ಷರವಿನ್ಯಾಸವೂ ಜಾಲಪುಟದ ಗುರುತುಗಳೂ

ಶಾಸನವೊಂದರ ಪಾಠವನ್ನು ಪ್ರಕಟಿಸುವ ಸಂಪಾದಕನ ಹೊಣೆ ಎರಡು ಬಗೆಯದು. ಕಲ್ಲಿನ ಮೇಲೆ ಕಂಡುದನ್ನು ಕಂಡಂತೆಯೇ ಕೊಡುವುದು ಒಂದು. ತಾನು ಊಹಿಸಿ ತುಂಬಿದುದನ್ನು ಊಹೆಯೆಂದೇ ತೋರಿಸುವುದು ಮತ್ತೊಂದು. ಅಚ್ಚಿನ ಗ್ರಂಥಗಳಲ್ಲಿ ಈ ಎರಡನೆಯ ಹೊಣೆಯನ್ನು ಆವರಣಚಿಹ್ನೆ, ಓರೆ ಅಕ್ಷರ, ಚುಕ್ಕೆ, ಅಡಿಟಿಪ್ಪಣಿ ಇವು ನಿರ್ವಹಿಸುತ್ತವೆ. ಇಂಥ ಪಾಠವನ್ನು ವರ್ಡ್ ಪ್ರೊಸೆಸರಿನಲ್ಲಿ ಸಿದ್ಧಪಡಿಸಿ ಜಾಲಪುಟಕ್ಕೆ ಏರಿಸುವಾಗ ಈ ಗುರುತುಗಳಿಗೆ ಏನಾಗುತ್ತದೆ, ಅವನ್ನು ಉಳಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಾವು ತೊಡಗಲು ನಮ್ಮದೇ ಒಂದು ಪ್ರಮಾದ ಕಾರಣ. ಒಂದು ದಾನಶಾಸನದ ಶಕವರ್ಷದಲ್ಲಿ ಕೊನೆಯ ಎರಡು ಅಂಕಿಗಳು ಸವೆದಿದ್ದವು. ಸಂವತ್ಸರದ ಹೆಸರಿನ ಆಧಾರದಿಂದ ಅವನ್ನು ತುಂಬಿ ಓರೆ ಅಕ್ಷರದಲ್ಲಿ ಬರೆದಿದ್ದೆವು. ಪಾಠವನ್ನು ನಕಲು ಮಾಡಿ ಜಾಲಪುಟಕ್ಕೆ ಅಂಟಿಸಿದಾಗ ಓರೆ ಹೋಯಿತು, ಅಂಕಿ ಉಳಿಯಿತು. ಮರುವರ್ಷ ವಿದ್ಯಾರ್ಥಿಯೊಬ್ಬರು ಆ ವರ್ಷವನ್ನು ಶಾಸನದಲ್ಲಿಯೇ ಓದಿದುದೆಂದು ತಿಳಿದು ತಮ್ಮ ಪ್ರಬಂಧದ ಕಾಲನಿರ್ಣಯವನ್ನು ಅದರ ಮೇಲೆ ನಿಲ್ಲಿಸಿದರು. 60 ವರ್ಷಕ್ಕೊಮ್ಮೆ ಮರಳುವ ಸಂವತ್ಸರದ ಹೆಸರು ಒಂದು ಶತಮಾನದೊಳಗೆ ಎರಡು ವರ್ಷಗಳಿಗೆ ಹೊಂದಬಹುದೆಂಬುದನ್ನು ನೆನೆದರೆ ಈ ತಪ್ಪಿನ ಗಾತ್ರ ತಿಳಿಯುತ್ತದೆ. ದೋಷ ವಿದ್ಯಾರ್ಥಿಯದಲ್ಲ, ನಮ್ಮದು.

ವರ್ಡ್ ಪ್ರೊಸೆಸರು ಅಕ್ಷರದ ಜೊತೆಗೆ ಅದರ ರೂಪವನ್ನೂ ಪ್ರತ್ಯೇಕವಾಗಿ ಬರೆದಿಡುತ್ತದೆ. ಇಂತಿಷ್ಟು ಅಕ್ಷರಗಳು ಓರೆ, ಇಂತಿಷ್ಟು ದಪ್ಪ, ಈ ಅಂಕಿ ಮೇಲೆತ್ತಿದ್ದು ಎಂಬ ಸೂಚನೆಗಳು ಕಡತದ ಒಳಗೆ ಅಡಗಿರುತ್ತವೆ. ಬರಿಯ ಅಕ್ಷರಗಳನ್ನು ಎತ್ತಿಕೊಂಡರೆ ಸೂಚನೆಗಳು ಹಿಂದೆಯೇ ಉಳಿಯುತ್ತವೆ. ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ಎಚ್‌ಟಿಎಂಎಲ್ ಭಾಷೆಯಲ್ಲಾದರೋ ಸೂಚನೆಗಳು ಪಾಠದ ನಡುವೆಯೇ, ಕೋನಾವರಣಗಳೊಳಗೆ, ಬಯಲಾಗಿ ನಿಲ್ಲುತ್ತವೆ. ಇವುಗಳಿಗೆ ಟ್ಯಾಗ್ ಎಂದು ಹೆಸರು. ಅಡಗಿದ ಸೂಚನೆಯನ್ನು ಬಯಲು ಟ್ಯಾಗಾಗಿ ಮಾರ್ಪಡಿಸುವುದೇ ಇಲ್ಲಿಯ ಕೆಲಸ.

ಮೊದಲ ತೊಡಕು ಲಿಪಿಸಂಕೇತದ್ದು. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಕಡತದೊಳಗೆ ಇರುವುದು ರೋಮನ್ ಲಿಪಿಯ ಸಂಕೇತಗಳು. ಅವಕ್ಕೆ ಕನ್ನಡದ ವೇಷ ತೊಡಿಸುವುದು ಅಕ್ಷರಶೈಲಿ ಮಾತ್ರ. ಅದು ತಪ್ಪಿದೊಡನೆ ಪಾಠವು ಅರ್ಥವಿಲ್ಲದ ಗೀರುಗಳಾಗುತ್ತದೆ. ಆದುದರಿಂದ ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವೊಂದು ದೊರೆತಿದೆ. ಹಳೆಯ ಶೈಲಿಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ವ್ಯಂಜನದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ರಕಾರವೇ ಮೊದಲು ಬರುತ್ತದೆ. ಪರಿವರ್ತನೆಯ ನಂತರ ಇದನ್ನು ಪರೀಕ್ಷಿಸತಕ್ಕದ್ದು. ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನಂತೂ ಒಂದೊಂದಾಗಿ ನೋಡಬೇಕು. ೞಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ ‘ಎಫ್‌ಎ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ಹೆಸರು ನೋಡಿ ಅಕ್ಷರವನ್ನು ಕೈಬಿಡಕೂಡದು.

ಎರಡನೆಯದು ತೆರಪು ಮತ್ತು ಸಾಲು. ಶಾಸನದ ಸಾಲುಗಳ ಎಣಿಕೆಯೇ ಉಲ್ಲೇಖಕ್ಕೆ ಆಧಾರ. ಆದರೆ ಬ್ರೌಸರು ಎಷ್ಟೇ ತೆರಪುಗಳಿರಲಿ, ಸಾಲು ಮುರಿದಿರಲಿ, ಎಲ್ಲವನ್ನೂ ಒಂದೇ ತೆರಪಾಗಿ ತೋರಿಸುತ್ತದೆ. ಅಳಿದ ಅಕ್ಷರಗಳ ಜಾಗವನ್ನು ಬರಿಯ ತೆರಪಿನಿಂದ ಸೂಚಿಸಿದ್ದರೆ ಆ ಸೂಚನೆ ನಷ್ಟವಾಗುತ್ತದೆ. ಆದುದರಿಂದ ಪ್ರತಿ ಸಾಲಿನ ಕೊನೆಗೂ ಸಾಲು ಮುರಿಯುವ ಟ್ಯಾಗನ್ನು ಹಾಕಿ, ಸಾಲಿನ ಸಂಖ್ಯೆಯನ್ನು ಅಂಕಿಯಲ್ಲಿಯೇ ಬರೆಯುವುದು ಕ್ಷೇಮ. ವರ್ಡ್ ಪ್ರೊಸೆಸರು ತಾನಾಗಿ ಕೊಟ್ಟ ಸಂಖ್ಯೆ ಬರಿಯ ಸೂಚನೆಯೇ ಹೊರತು ಬರೆದ ಅಂಕಿಯಲ್ಲ. ನಕಲಿನಲ್ಲಿ ಅದು ಕಾಣೆಯಾಗಬಹುದು.

ಮೂರನೆಯ ತೊಡಕು ಹೆಚ್ಚು ಸೂಕ್ಷ್ಮ. 1931ರ ಲೈಡನ್ ಪದ್ಧತಿಯಲ್ಲಿ ಅಳಿದುಹೋದುದನ್ನು ತುಂಬಿದಾಗ ಚೌಕಾವರಣವನ್ನೂ, ಕಂಡರಿಸಿದವನು ಬಿಟ್ಟ ಅಕ್ಷರವನ್ನು ಸೇರಿಸಿದಾಗ ಕೋನಾವರಣವನ್ನೂ ಬಳಸುತ್ತಾರೆ. ಕೋನಾವರಣವೋ ಎಚ್‌ಟಿಎಂಎಲ್‌ನಲ್ಲಿ ಟ್ಯಾಗಿನ ಗುರುತು. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಮಾಲೆಯಲ್ಲಿರುವಂತೆ ಪಾಠಕ್ಕೆ ರೋಮನ್ ಲಿಪ್ಯಂತರವನ್ನೂ ನಾವು ಕೊಟ್ಟೆವೆನ್ನಿ. ಅದರಲ್ಲಿ ಕೋನಾವರಣದೊಳಗಿನ ರೋಮನ್ ಅಕ್ಷರಗಳನ್ನು ಬ್ರೌಸರು ಅಪರಿಚಿತ ಟ್ಯಾಗೆಂದು ಭಾವಿಸಿ ತೋರಿಸದೆಯೇ ಬಿಡುತ್ತದೆ. ಸಂಪಾದಕನು ಸೇರಿಸಿದ ಅಕ್ಷರ ಹೀಗೆ ಸದ್ದಿಲ್ಲದೆ ಮಾಯವಾಗುತ್ತದೆ. ಟ್ಯಾಗುಗಳನ್ನು ಹಾಕುವ ಮೊದಲೇ ಪಾಠದ ಕೋನಾವರಣಗಳನ್ನು ಅವಕ್ಕೆ ನಿಗದಿಯಾದ ಸಂಕೇತಪದಗಳಿಂದ ಬದಲಿಸುವುದೇ ಪರಿಹಾರ. ಈ ಕ್ರಮ ಹಿಂದುಮುಂದಾದರೆ ನಾವು ಹಾಕಿದ ಟ್ಯಾಗುಗಳೇ ಕೆಡುತ್ತವೆ.

ಇನ್ನು ಉಳಿದುದು ಅರ್ಥದ ಪ್ರಶ್ನೆ. ಒಂದೇ ಓರೆ ಅಕ್ಷರವು ಒಂದೆಡೆ ಗ್ರಂಥನಾಮವನ್ನು, ಇನ್ನೊಂದೆಡೆ ಒತ್ತನ್ನು, ಮತ್ತೊಂದೆಡೆ ಊಹಿತ ಪಾಠವನ್ನು ಸೂಚಿಸುತ್ತದೆ. ಓದುಗನು ಸಂದರ್ಭದಿಂದ ಭೇದವನ್ನು ತಿಳಿಯುತ್ತಾನೆ, ಯಂತ್ರ ತಿಳಿಯದು. ಪರಿವರ್ತಕ ತಂತ್ರಾಂಶಗಳು ಓರೆಯನ್ನು ಓರೆಯಾಗಿಯೇ ದಾಟಿಸುತ್ತವೆ, ಅದರ ಕಾರಣವನ್ನು ದಾಟಿಸಲಾರವು. ಈ ಕೊರತೆಯನ್ನು ನೀಗಲು 1987ರಲ್ಲಿ ಆರಂಭವಾದ ಟಿಇಐ ಎಂಬ ವಿದ್ವತ್ಪ್ರಯತ್ನವೂ, ಅದನ್ನು ಶಾಸನಗಳಿಗೆ ಅಳವಡಿಸಿದ ಎಪಿಡಾಕ್ ಪದ್ಧತಿಯೂ ರೂಪಕ್ಕೆ ಬದಲಾಗಿ ಅರ್ಥವನ್ನೇ ಹೇಳುವ ಟ್ಯಾಗುಗಳನ್ನು ಒದಗಿಸಿವೆ. ಸಂಪಾದಕ ತುಂಬಿದ್ದು, ಅಸ್ಪಷ್ಟವಾದದ್ದು, ಅಳಿದುಹೋದದ್ದು ಇವಕ್ಕೆ ಅಲ್ಲಿ ಬೇರೆ ಬೇರೆ ಟ್ಯಾಗುಗಳಿವೆ. ಅಷ್ಟನ್ನು ಕಲಿಯಲು ಅವಕಾಶವಿಲ್ಲದವರು ಒಂದು ನಿಯಮವನ್ನಾದರೂ ಪಾಲಿಸಬಹುದು: ಊಹಿತ ಪಾಠವನ್ನು ಬರಿಯ ಓರೆಯಿಂದ ಸೂಚಿಸದೆ, ಅಕ್ಷರದೊಡನೆಯೇ ನಕಲಾಗುವ ಚೌಕಾವರಣದಿಂದ ಸೂಚಿಸುವುದು, ಚಿಹ್ನೆಗಳ ವಿವರಣೆಯನ್ನು ಪುಟದ ತಲೆಯಲ್ಲಿ ಕೊಡುವುದು.

ಕೊನೆಯದಾಗಿ, ಏರಿಸಿದ ಪುಟವನ್ನು ಮೂಲದ ಪಡಿಯಚ್ಚಿನೊಡನೆ ಇಬ್ಬರು ಕುಳಿತು, ಒಬ್ಬರು ಓದಿ ಒಬ್ಬರು ನೋಡಿ, ಸಾಲು ಸಾಲಾಗಿ ತಾಳೆಹಾಕಬೇಕು. ಹಸ್ತಪ್ರತಿಗಳ ಕಾಲದಿಂದ ಬಂದ ಈ ಕ್ರಮಕ್ಕೆ ಇಂದಿಗೂ ಬದಲಿಯಿಲ್ಲ. ಲಿಪಿಕಾರನ ಕೈತಪ್ಪು ಒಂದು ಪ್ರತಿಯನ್ನು ಕೆಡಿಸುತ್ತಿತ್ತು. ನಮ್ಮ ಕೈತಪ್ಪು ಅಲ್ಲಿಂದ ನಕಲಾಗುವ ಎಲ್ಲ ಪ್ರತಿಗಳನ್ನೂ ಕೆಡಿಸುತ್ತದೆ. ಮೇಲೆ ಹೇಳಿದ ದಾನಶಾಸನದ ಪಾಠವನ್ನು ನಾವು ಈಗ ಚೌಕಾವರಣಗಳೊಡನೆ ತಿದ್ದಿ ಏರಿಸಿದ್ದೇವೆ. ತಿದ್ದುಪಡಿಯ ಸಂಗತಿಯನ್ನೂ ಅಲ್ಲಿಯೇ ನಮೂದಿಸಿದ್ದೇವೆ.