ಕುರಿಯ ಹಿಂದೆ ಹೋದರೆ ಮನಸ್ಸು ತಿಳಿಯಾದೀತೆ?

ದಾಳಿಂಬೆಗೆ ಹೆಸರಾದ ಮಧುಗಿರಿ, ಮೂಲಿಕೆಗಳ ಸಿದ್ಧರಬೆಟ್ಟವಿರುವ ಕೊರಟಗೆರೆ, ಕುರಿಹಿಂಡುಗಳ ಶಿರಾ ಹಾಗೂ ಪಾವಗಡ — ತುಮಕೂರು ಜಿಲ್ಲೆಯ ಬಡಗಣ ಈ ನಾಲ್ಕು ತಾಲ್ಲೂಕುಗಳಲ್ಲಿ ಗಿಡವೂ ಪಶುವೂ ಬಾಳಿನ ಆಧಾರ. 1760ರಲ್ಲಿ ಹೈದರಾಲಿಯು ಬೆಂಗಳೂರಿನ ಲಾಲ್‌ಬಾಗನ್ನು ಆರಂಭಿಸಿದಾಗ ಶಿರಾದ ಉದ್ಯಾನವೇ ಅದಕ್ಕೆ ಮಾದರಿಯಾಗಿತ್ತೆನ್ನುತ್ತಾರೆ. ಅದೇ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರು ಅವನ್ನು ಕಾಯುತ್ತಾರೆ. ಇಂಥ ಸೀಮೆಯಲ್ಲಿ ಮನಸ್ಸು ಕದಡಿದ ಹುಡುಗನಿಗೆ ಹಿರಿಯರು, "ಕುರಿ ಹೊಡಕೊಂಡು ಹೋಗಪ್ಪ, ಸರಿಹೋಗ್ತೀಯ" ಎಂದರೆ ಅಚ್ಚರಿಯೇನು?

ಆದರೆ ಅದು ಚಿಕಿತ್ಸೆಯೆ, ಬಿಟ್ಟಿ ದುಡಿಮೆಯೆ?

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ 1796ರಲ್ಲಿ ತೆರೆದ ಆಶ್ರಯಧಾಮದಲ್ಲಿ ಮನೋರೋಗಿಗಳಿಗೆ ಸಂಕೋಲೆಯ ಬದಲು ತೋಟದ ಕೆಲಸ ದೊರೆಯಿತು. ಮೊಲಗಳೂ ಕೋಳಿಗಳೂ ಅವರ ಸಂಗಾತಿಗಳಾದವು. ಅನಂತರ ಅನೇಕ ಆಸ್ಪತ್ರೆಗಳು ಹೊಲವನ್ನೂ ಹಸುಗಳನ್ನೂ ಇಟ್ಟುಕೊಂಡವು. ಅಡುಗೆಮನೆಗೆ ತರಕಾರಿ ಬಂದಿತು, ಹಾಲು ಬಂದಿತು. ರೋಗಿಗೆ ಬಂದುದೇನೆಂದು ಕೇಳಿದವರು ವಿರಳ. ಆ ಪ್ರಶ್ನೆಯನ್ನು ಕ್ರಮವಾಗಿ ಕೇಳುವುದೇ ಈ ವಿದ್ಯೆ. ಅಮೆರಿಕದ ಕನ್ಸಾಸ್ ರಾಜ್ಯ ವಿಶ್ವವಿದ್ಯಾಲಯವು 1970ರ ದಶಕದಲ್ಲಿ ತೋಟಗಾರಿಕಾ ಚಿಕಿತ್ಸೆಯನ್ನು ಪದವಿಯ ಪಾಠಕ್ರಮಕ್ಕೆ ತಂದಿತು. ಅದಕ್ಕೂ ಮೊದಲೇ, ಯಾರೊಡನೆಯೂ ಬೆರೆಯದ ಬಾಲಕನೊಬ್ಬನು ತನ್ನ ನಾಯಿ ಜಿಂಗಲ್ಸ್‌ನೊಡನೆ ಬೆರೆತುದನ್ನು ಕಂಡ ಮನೋವಿಜ್ಞಾನಿ ಬೋರಿಸ್ ಲೆವಿನ್ಸನ್, ಪ್ರಾಣಿಯೂ ಚಿಕಿತ್ಸಕನ ಸಹಾಯಕನಾಗಬಲ್ಲುದೆಂದು ಬರೆದಿದ್ದನು.

ವಿದ್ಯಾರ್ಥಿಯು ಸಸ್ಯಶಾಸ್ತ್ರ, ಪಶುಸ್ವಭಾವ, ಮನೋವಿಜ್ಞಾನಗಳನ್ನು ಓದಿದರಷ್ಟೇ ಸಾಲದು. ಸಸಿಚೀಲಕ್ಕೆ ಮಣ್ಣು ತುಂಬುವ ಕೆಲಸವನ್ನೇ ನೋಡಿ. ಕೈ ನಡುಗುವವನಿಗೆ ಅದು ಬೆರಳುಗಳ ಸಾಧನೆ. ಮಾತು ಬಿಟ್ಟವನಿಗೆ ಪಕ್ಕದವನಿಂದ ಕುರ್ಚಿಗೆಯನ್ನು ಕೇಳಿ ಪಡೆಯುವ ಸಂದರ್ಭ. ಹೋದ ವಾರ ಎಷ್ಟು ಹೊತ್ತು ಕುಳಿತನು, ಈ ವಾರ ಎಷ್ಟು ಹೊತ್ತು — ಎಲ್ಲವನ್ನೂ ಬರೆದಿಡಬೇಕು. ಬೇಡವೆಂದಾಗ ಬಿಡಬೇಕು. ಸಸಿ ಮಾರಿದ ಹಣದಲ್ಲಿ ಅವನ ಪಾಲು ಅವನಿಗೇ ಸಲ್ಲಬೇಕು. ಪ್ರಾಣಿಯ ಪಾಡನ್ನೂ ಮರೆಯುವಂತಿಲ್ಲ: ಬೆದರಿದ ಕುರಿ ಯಾರನ್ನೂ ಸಂತೈಸದು, ಕುರಿಮೇಕೆಗಳಿಂದ ಮನುಷ್ಯರಿಗೆ ತಗಲುವ ಬ್ರುಸೆಲ್ಲೋಸಿಸ್‌ನಂಥ ರೋಗದ ಅರಿವೂ ಬೇಕು. ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ತೋಟಕ್ಕೆ ಕಳಿಸುವುದು ಈ ಶಾಸ್ತ್ರವಲ್ಲ.

ಈ ಸೀಮೆಯ ತರುಣ ತರುಣಿಯರು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯವನ್ನೋ, 1958ರಲ್ಲಿ ಸ್ಥಾಪನೆಯಾದ ಹೆಬ್ಬಾಳದ ಪಶುವೈದ್ಯ ಕಾಲೇಜನ್ನೋ ಸೇರಬಹುದು. ರೋಗಿಯ ಪುನರ್ವಸತಿಯನ್ನು ಕಲಿಯಲು ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಲ್ಲಿನ ಪುನರ್ವಸತಿ ಕೆಲಸಗಳಲ್ಲಿ ತೋಟಗಾರಿಕೆಯೂ ಒಂದು.

ಹಾಗೆ ಕಲಿತು ಮರಳಿದವರಿಗೆ ಪಾವಗಡವು ಪುಸ್ತಕದಲ್ಲಿಲ್ಲದ ಪರೀಕ್ಷೆಯನ್ನೊಡ್ಡುವುದು. ಬರದ ವರುಷ ಕುಡಿಯುವ ನೀರಿಗೇ ತತ್ತ್ವಾರ. ಅಲ್ಲಿ ಹಸಿರು ಹಾಸಿನ ಉದ್ಯಾನವೆಲ್ಲಿ? ಸೀತಾಫಲದ ಬೀಜ, ಹುಣಸೆಯ ಸಸಿ, ಪಾತ್ರೆ ತೊಳೆದ ನೀರು — ಇಷ್ಟರಿಂದಲೇ ಮೊದಲಾಗಬೇಕು.